ವಾಣಿಜ್ಯ ಚಿಹ್ನೆಯಲ್ಲಿನ ವರ್ಣನಾತ್ಮಕ ಪದಗಳು: ನೋಂದಣಿಯಿಂದ ದೊರೆಯುವ ಮತ್ತು ದೊರೆಯದ ಹಕ್ಕುಗಳು

'ಬ್ಲೆಂಡರ್ಸ್ ಪ್ರೈಡ್' ಎಂಬ ನೋಂದಾಯಿತ ಚಿಹ್ನೆಯ ಒಡೆತನ ಹೊಂದಿರುವ ಪೆರ್ನೋ ರಿಕಾರ್ಡ್ ಇಂಡಿಯಾ ಸಂಸ್ಥೆಯು, 'ಲಂಡನ್ ಪ್ರೈಡ್' ಹೆಸರಿನ ವಿಸ್ಕಿಯ ವಿರುದ್ಧ ಮಧ್ಯಂತರ ತಡೆಯಾಜ್ಞೆ ಕೋರಿ ಸಲ್ಲಿಸಿದ್ದ ಮೇಲ್ಮನವಿಯನ್ನು ಸರ್ವೋಚ್ಚ ನ್ಯಾಯಾಲಯವು 2025ರ ಆಗಸ್ಟ್ 14ರಂದು ತಿರಸ್ಕರಿಸಿತು. ಎರಡೂ ಹೆಸರುಗಳಲ್ಲಿರುವ 'ಪ್ರೈಡ್' ಎಂಬುದು ಪ್ರಶಂಸೆಯ ಸಾಮಾನ್ಯ ಪದ, ಆ ಪದವೊಂದಕ್ಕೇ ಪ್ರತ್ಯೇಕ ನೋಂದಣಿ ಇಲ್ಲ, ಚಿಹ್ನೆಗಳನ್ನು ತುಂಡರಿಸದೆ ಇಡಿಯಾಗಿ ಹೋಲಿಸಬೇಕು ಎಂಬ ಅಂಶಗಳು ಈ ತೀರ್ಮಾನಕ್ಕೆ ಆಧಾರವಾದವು. ದೊಡ್ಡ ಸಂಸ್ಥೆಯೊಂದು ಎದುರಿಸಿದ ಈ ಪ್ರಶ್ನೆಯು ನಮ್ಮ ರಾಜ್ಯದ ಸಣ್ಣ ಉದ್ದಿಮೆದಾರರಿಗೂ ಅಷ್ಟೇ ಪ್ರಸ್ತುತವಾಗಿದೆ.

ಡಿಸ್‌ಕ್ಲೈಮರ್ ಎಂದರೇನು?

ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ವ್ಯಾಪಾರಿಯೊಬ್ಬರು 'ಗುಬ್ಬಚ್ಚಿ ಶುದ್ಧ ಫಿಲ್ಟರ್ ಕಾಫಿ' ಎಂಬ ಚಿಹ್ನೆಯ ನೋಂದಣಿಗೆ ಅರ್ಜಿ ಸಲ್ಲಿಸುತ್ತಾರೆ. 'ಗುಬ್ಬಚ್ಚಿ' ಪದಕ್ಕೂ ಕಾಫಿಪುಡಿಗೂ ಸಂಬಂಧವಿಲ್ಲದ ಕಾರಣ ಅದು ಅವರ ಸರಕನ್ನು ಇತರರ ಸರಕಿನಿಂದ ಪ್ರತ್ಯೇಕಿಸಿ ತೋರಿಸುತ್ತದೆ. ಆದರೆ 'ಶುದ್ಧ', 'ಫಿಲ್ಟರ್ ಕಾಫಿ' ಎಂಬ ಪದಗಳು ಸರಕಿನ ಗುಣ ಮತ್ತು ಬಗೆಯನ್ನು ಹೇಳುವಂಥವು. ಕಾಫಿಪುಡಿ ಮಾರುವ ಪ್ರತಿಯೊಬ್ಬರಿಗೂ ಬೇಕಾದವು. ಇಂತಹ ಪದಗಳ ಮೇಲೆ ತನಗೆ ಪ್ರತ್ಯೇಕವಾದ ಏಕಸ್ವಾಮ್ಯ ಹಕ್ಕಿಲ್ಲವೆಂದು ಅರ್ಜಿದಾರರು ಒಪ್ಪಿ ನೀಡುವ ಘೋಷಣೆಯೇ ಡಿಸ್‌ಕ್ಲೈಮರ್.

'ಶ್ರೀ' ಪ್ರಕರಣ

ಈ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯದ 1955ರ ತೀರ್ಪು ಇಂದಿಗೂ ಮಾರ್ಗದರ್ಶಕವಾಗಿದೆ. ತುಪ್ಪದ ವ್ಯಾಪಾರ ಮಾಡುತ್ತಿದ್ದ ಅಶೋಕ್ ಚಂದ್ರ ರಕ್ಷಿತ್ ಲಿಮಿಟೆಡ್ ಕಂಪನಿಯ ಚಿಹ್ನೆಯಲ್ಲಿ 'ಶ್ರೀ' ಎಂಬ ಪದವಿತ್ತು. ಅದರ ಮೇಲೆ ಹಕ್ಕು ಕೋರದಂತೆ ರಿಜಿಸ್ಟ್ರಾರರು ವಿಧಿಸಿದ್ದ ಷರತ್ತನ್ನು ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ 'ಶ್ರೀ' ಬರೆದೇ ವಹಿವಾಟು ಆರಂಭಿಸುವ ಪದ್ಧತಿಯುಳ್ಳ ದೇಶದಲ್ಲಿ ಆ ಪದವನ್ನು ಒಬ್ಬರ ಸ್ವತ್ತಾಗಿಸುವುದು ಸಾಧುವಲ್ಲವೆಂಬುದು ಸ್ಪಷ್ಟ. ಅದೇ ವೇಳೆ, ಡಿಸ್‌ಕ್ಲೈಮರ್ ನೋಂದಣಿಯಿಂದ ಬರುವ ಹಕ್ಕನ್ನು ಮಾತ್ರ ಮಿತಿಗೊಳಿಸುತ್ತದೆಯೇ ಹೊರತು, ದೀರ್ಘಕಾಲದ ಬಳಕೆಯಿಂದ ಗಳಿಸಿದ ಇತರ ಹಕ್ಕುಗಳನ್ನು ಕಸಿಯುವುದಿಲ್ಲವೆಂದೂ ನ್ಯಾಯಾಲಯವು ತಿಳಿಸಿತು.

ಈಗಿನ ಕಾನೂನು

1940 ಮತ್ತು 1958ರ ಅಧಿನಿಯಮಗಳಲ್ಲಿ ಡಿಸ್‌ಕ್ಲೈಮರ್ ಕೇಳುವ ಅಧಿಕಾರವನ್ನು ಸ್ಪಷ್ಟವಾಗಿ ನೀಡಲಾಗಿತ್ತು. 2003ರ ಸೆಪ್ಟೆಂಬರ್ 15ರಂದು ಜಾರಿಗೆ ಬಂದ ವಾಣಿಜ್ಯ ಚಿಹ್ನೆಗಳ ಅಧಿನಿಯಮ, 1999ರಲ್ಲಿ ಆ ಉಪಬಂಧವು ಹಳೆಯ ರೂಪದಲ್ಲಿ ಇಲ್ಲ. ಅದರ ಬದಲಿಗೆ, ಚಿಹ್ನೆಯು ಇಡಿಯಾಗಿ ನೋಂದಣಿಯಾದರೆ ಅದರಲ್ಲಿನ ಸಾಮಾನ್ಯ ಅಥವಾ ವೈಶಿಷ್ಟ್ಯವಿಲ್ಲದ ಭಾಗದ ಮೇಲೆ ಪ್ರತ್ಯೇಕ ಹಕ್ಕು ಉಂಟಾಗುವುದಿಲ್ಲವೆಂದು ಕಲಂ 17 ವಿಧಿಸುತ್ತದೆ. ಷರತ್ತು ಅಥವಾ ಮಿತಿಗೊಳಪಟ್ಟು ಅರ್ಜಿಯನ್ನು ಅಂಗೀಕರಿಸುವ ಅಧಿಕಾರವೂ ಕಲಂ 18ರ ಮೇರೆಗೆ ರಿಜಿಸ್ಟ್ರಾರರಿಗೆ ಇದೆ.

ಬಹುತೇಕರು ತಪ್ಪು ತಿಳಿಯುವುದು ಇಲ್ಲಿಯೇ. ತಮ್ಮ ಪ್ರಮಾಣಪತ್ರದಲ್ಲಿ ಡಿಸ್‌ಕ್ಲೈಮರ್ ನಮೂದಾಗಿಲ್ಲವೆಂಬ ಕಾರಣಕ್ಕೆ ಚಿಹ್ನೆಯಲ್ಲಿನ ಪ್ರತಿಯೊಂದು ಪದವೂ ತಮ್ಮದೇ ಎಂದು ಭಾವಿಸಿ, ಪಕ್ಕದ ಊರಿನ ವ್ಯಾಪಾರಿಗೆ ನೋಟಿಸು ನೀಡುವವರಿದ್ದಾರೆ. ನೋಟಿಸಿಗೆ ಹೆದರಿ, ಮುದ್ರಿಸಿದ ಲೇಬಲ್ ಮತ್ತು ಪೊಟ್ಟಣಗಳನ್ನೆಲ್ಲ ಹಾಳುಮಾಡಿ ನಷ್ಟ ಅನುಭವಿಸುವ ಸಂಭವವೂ ಇದೆ. ಸರಕಿನ ಗುಣ, ಬಗೆ, ಪ್ರಮಾಣಗಳನ್ನು ಸೂಚಿಸಲು ಪದವೊಂದನ್ನು ಬಳಸುವುದು ಕಲಂ 30ರ ಮೇರೆಗೆ ಉಲ್ಲಂಘನೆಯಾಗುವುದಿಲ್ಲ. ಪ್ರಾಮಾಣಿಕ ವರ್ಣನೆಗೆ ಕಲಂ 35 ಸಹ ರಕ್ಷಣೆ ನೀಡುತ್ತದೆ. ಆಧಾರರಹಿತ ಬೆದರಿಕೆಯ ವಿರುದ್ಧ ಕಲಂ 142ರಡಿ ದಾವೆ ಹೂಡಲು ಅವಕಾಶವಿದೆ. ಆದರೆ ಮತ್ತೊಬ್ಬರ ಚಿಹ್ನೆಯ ಇಡೀ ರೂಪವನ್ನು ಅನುಕರಿಸಿ, ಗ್ರಾಹಕರನ್ನು ಗೊಂದಲಕ್ಕೀಡುಮಾಡುವವರಿಗೆ ಈ ರಕ್ಷಣೆಗಳು ಅನ್ವಯಿಸುವುದಿಲ್ಲ.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

1. ಚಿಹ್ನೆಯಲ್ಲಿ ಸರಕನ್ನು ವರ್ಣಿಸದ ವಿಶಿಷ್ಟ ಪದವೊಂದು ಅವಶ್ಯವಾಗಿ ಇರಲಿ. ಗುಣ, ಬಗೆ ಅಥವಾ ಊರನ್ನು ಸೂಚಿಸುವ ಪದಗಳಷ್ಟೇ ಇರುವ ಚಿಹ್ನೆಯು ಕಲಂ 9ರ ಮೇರೆಗೆ ತಿರಸ್ಕೃತವಾಗಬಹುದು.

2. ವರ್ಣನಾತ್ಮಕ ಪದವೂ ಅರ್ಜಿಯ ದಿನಾಂಕಕ್ಕೆ ಮೊದಲೇ ಬಳಕೆಯಿಂದ ವೈಶಿಷ್ಟ್ಯ ಗಳಿಸಿದ್ದಲ್ಲಿ ನೋಂದಣಿಗೆ ಅರ್ಹ. ಹಳೆಯ ಬಿಲ್ಲು, ಜಾಹೀರಾತು, ಲೆಕ್ಕಪತ್ರಗಳನ್ನು ಕಾಯ್ದಿರಿಸತಕ್ಕದ್ದು.

3. ಪರೀಕ್ಷಾ ವರದಿ ತಲುಪಿದ 30 ದಿನಗಳೊಳಗೆ ಉತ್ತರ ಸಲ್ಲಿಸತಕ್ಕದ್ದು. ಸಾಮಾನ್ಯ ಪದವೊಂದರ ಬಗ್ಗೆ ಮಾತ್ರ ಷರತ್ತು ಸೂಚಿಸಿದ್ದಲ್ಲಿ, ಅದನ್ನು ಒಪ್ಪುವುದು ಬಹಳಷ್ಟು ಸಂದರ್ಭಗಳಲ್ಲಿ ಹಿತಕರ.

4. ಕರ್ನಾಟಕದ ಅರ್ಜಿಗಳು ಚೆನ್ನೈನಲ್ಲಿರುವ ನೋಂದಣಿ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಅರ್ಜಿಯನ್ನು ಆನ್‌ಲೈನ್ ಮೂಲಕವೂ ಸಲ್ಲಿಸಬಹುದಾಗಿದೆ.

ವಿಶಿಷ್ಟ ಹೆಸರು ವ್ಯಾಪಾರಿಯ ಸ್ವತ್ತು. ಸರಕನ್ನು ಬಣ್ಣಿಸುವ ಭಾಷೆ ಎಲ್ಲರ ಸ್ವತ್ತು. ಈ ವ್ಯತ್ಯಾಸವನ್ನು ಅರಿತು ಹೆಸರಿಡುವ ಉದ್ದಿಮೆದಾರರಿಗೆ ಮುಂದಿನ ವ್ಯಾಜ್ಯ ಮತ್ತು ವೆಚ್ಚ ಎರಡೂ ಉಳಿಯುತ್ತವೆ.

(ಈ ಲೇಖನವು ಸಾರ್ವಜನಿಕರ ಮಾಹಿತಿಗಾಗಿ ಮಾತ್ರ. ನಿರ್ದಿಷ್ಟ ವ್ಯಾಜ್ಯಗಳಲ್ಲಿ ವಕೀಲರ ಸಲಹೆ ಪಡೆಯತಕ್ಕದ್ದು.)