ಡ್ರಮ್ ಬಾರಿಸಿದವನ ಪಾಲು

1969ರಲ್ಲಿ ಅಮೆರಿಕದ ‘ದಿ ವಿನ್‌ಸ್ಟನ್ಸ್’ ತಂಡ ‘ಆಮೆನ್, ಬ್ರದರ್’ ಎಂಬ ವಾದ್ಯರಚನೆಯನ್ನು ಧ್ವನಿಮುದ್ರಿಸಿತು. ಗ್ರಾಮಫೋನ್ ತಟ್ಟೆಯ ಹಿಂಬದಿಗೆ ಹಾಕಿದ್ದು. ಹೆಚ್ಚು ಜನ ಕಿವಿಗೊಡಲಿಲ್ಲ. ಅದರ ನಡುವೆ ಉಳಿದ ವಾದ್ಯಗಳು ಸುಮ್ಮನಾಗಿ ಗ್ರೆಗರಿ ಕೋಲ್ಮನ್ ಒಬ್ಬನೇ ಆರೇಳು ಸೆಕೆಂಡು ಡ್ರಮ್ ಬಾರಿಸುತ್ತಾನೆ. ಎಂಬತ್ತರ ದಶಕದಲ್ಲಿ ಹಿಪ್‌ಹಾಪ್ ಕಲಾವಿದರು ಆ ತುಣುಕನ್ನು ಎತ್ತಿಕೊಂಡರು. ಬ್ರಿಟನ್ನಿನ ಹುಡುಗರು ಅದನ್ನು ಕತ್ತರಿಸಿ, ವೇಗ ಹೆಚ್ಚಿಸಿ, ಹಿಂದುಮುಂದು ಜೋಡಿಸಿ ‘ಜಂಗಲ್’ ಎಂಬ ಹೊಸ ಪ್ರಕಾರವನ್ನೇ ಕಟ್ಟಿದರು. ಸಾವಿರಾರು ಹಾಡುಗಳಲ್ಲಿ ಕೋಲ್ಮನ್ನನ ಕೈ ಕೇಳಿಸುತ್ತದೆ. 2006ರಲ್ಲಿ ಆತ ತಲೆಯ ಮೇಲೆ ಸೂರಿಲ್ಲದೆ, ಬಡತನದಲ್ಲಿ ತೀರಿಕೊಂಡ. ಆ ತುಣುಕಿನಿಂದ ಅವನಿಗೆ ರಾಯಧನ ಬರಲೇ ಇಲ್ಲ. 2015ರಲ್ಲಿ ಅಭಿಮಾನಿಗಳು ಚಂದಾ ಎತ್ತಿ ಸುಮಾರು 24,000 ಪೌಂಡ್ ಕೊಟ್ಟದ್ದು ತಂಡದ ನಾಯಕ ರಿಚರ್ಡ್ ಸ್ಪೆನ್ಸರ್‌ಗೆ.

ರೀಮಿಕ್ಸ್ ಮಾಡುವವರೆಲ್ಲ ಕಳ್ಳರು, ಕಾನೂನು ಬಿಗಿಯಾಗಲಿ ಎಂದು ಇದನ್ನು ಓದಿದವರು ಹೇಳಬಹುದು. ನಾನು ಒಪ್ಪುವುದಿಲ್ಲ. ಬಿಗಿ ಮಾಡಿದಾಗ ಏನಾಯಿತೆಂಬುದಕ್ಕೂ ಅಮೆರಿಕವೇ ಸಾಕ್ಷಿ. 1991ರಲ್ಲಿ ರ‍್ಯಾಪ್ ಗಾಯಕ ಬಿಜ್ ಮಾರ್ಕಿ ವಿರುದ್ಧ ಬಂದ ತೀರ್ಪು ಸ್ಯಾಂಪ್ಲಿಂಗ್ ಅನ್ನು, ಅಂದರೆ ಹಳೆಯ ಧ್ವನಿಮುದ್ರಣದ ತುಣುಕನ್ನು ಹೊಸ ಹಾಡಿಗೆ ಬಳಸುವುದನ್ನು, ಕಳ್ಳತನವೆಂದೇ ಕರೆಯಿತು. 2005ರಲ್ಲಿ ಇನ್ನೊಂದು ನ್ಯಾಯಾಲಯ ಎರಡು ಸೆಕೆಂಡಿನ ಗಿಟಾರ್ ತುಣುಕಿಗೂ ಅನುಮತಿ ಬೇಕೆಂದಿತು. ಆ ಮೊಕದ್ದಮೆ ಹೂಡಿದ್ದು ಗಿಟಾರ್ ನುಡಿಸಿದವರಲ್ಲ. ಹಕ್ಕುಗಳನ್ನು ಕೈಯಲ್ಲಿಟ್ಟುಕೊಂಡ ಕಂಪನಿಗಳು. ಅನುಮತಿಯ ಬೆಲೆ ಏರಿತು, ದುಡ್ಡಿದ್ದವರಿಗೆ ಮಾತ್ರ ಸ್ಯಾಂಪಲ್ ಎಂಬಂತಾಯಿತು. ಡ್ರಮ್ ಬಾರಿಸಿದವನ ಜೇಬಿಗೆ ಆಗಲೂ ಏನೂ ಬೀಳಲಿಲ್ಲ.

ನಮ್ಮಲ್ಲಿ? 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 31ಸಿ ಕಲಂ ಪ್ರಕಾರ ಮೊದಲ ಧ್ವನಿಮುದ್ರಣವಾಗಿ ಐದು ವರ್ಷ ಕಳೆದ ಹಾಡನ್ನು ನಿಗದಿತ ರಾಯಧನ ಕಟ್ಟಿ ಮತ್ತೆ ಹಾಡಿಸಬಹುದು. ಆದರೆ ಕನಿಷ್ಠ 50,000 ಪ್ರತಿಗಳ ರಾಯಧನ ಕಟ್ಟಬೇಕು. ತಾಂತ್ರಿಕವಾಗಿ ಅನಿವಾರ್ಯವಲ್ಲದ ಬದಲಾವಣೆ ಕೂಡದು. ಬದಲಾವಣೆಯೇ ಬೇಡವೆಂದರೆ ಅದು ರೀಮಿಕ್ಸ್ ಹೇಗಾದೀತು? ಮೂಲ ಧ್ವನಿಮುದ್ರಣದ ತುಣುಕು ಬಳಸಲು ಈ ದಾರಿಯೂ ಇಲ್ಲ, ಕಂಪನಿಯ ಬಾಗಿಲೇ ಗತಿ. ಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುವ ಹುಬ್ಬಳ್ಳಿಯ ಹುಡುಗಿ ಆ ಬಾಗಿಲು ತಟ್ಟಿದರೆ ತೆರೆಯುವವರು ಯಾರು? 2016ರ ‘ಕಿರಿಕ್ ಪಾರ್ಟಿ’ ಚಿತ್ರದ ಹಾಡಿನಲ್ಲಿ ಹಳೆಯ ಚಿತ್ರ ‘ಶಾಂತಿ ಕ್ರಾಂತಿ’ಯ ಹಾಡನ್ನು ಬಳಸಲಾಗಿದೆ ಎಂದು ಲಹರಿ ಆಡಿಯೊ ಸಂಸ್ಥೆ ನ್ಯಾಯಾಲಯಕ್ಕೆ ಹೋದದ್ದು ನೆನಪಿರಬಹುದು. ವಕೀಲರನ್ನಿಡಲು ಶಕ್ತಿಯಿದ್ದ ಚಿತ್ರತಂಡ ಅದನ್ನು ಎದುರಿಸಿತು. ಒಂಟಿಯಾಗಿ ದುಡಿಯುವವರು ನೋಟಿಸು ಬಂದ ದಿನವೇ ಹಾಡನ್ನು ಅಳಿಸಿಬಿಡುತ್ತಾರೆ.

ಹಳೆಯ ಹಾಡಿಗೆ ದಪ್ಪನೆಯ ತಾಳ ಅಂಟಿಸಿ ಮಾರುವುದನ್ನೆಲ್ಲ ಸೃಷ್ಟಿ ಎಂದು ನಾನು ಹೇಳಲಾರೆ. ಅಂಥವು ಬಹಳ ಬಂದುಹೋಗಿವೆ. ಆದರೆ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ತೀರ್ಮಾನಿಸಬೇಕಾದವರು ಕೇಳುಗರು, ಹಕ್ಕು ಖರೀದಿಸಿದವರಲ್ಲ. ತನ್ನ ಕೃತಿಯನ್ನು ವಿರೂಪಗೊಳಿಸಿ ಗೌರವಕ್ಕೆ ಧಕ್ಕೆ ತಂದರೆ ಪ್ರಶ್ನಿಸುವ ಹಕ್ಕು ಕರ್ತೃವಿಗೆ 57ನೇ ಕಲಂನಲ್ಲಿ ಈಗಲೇ ಇದೆ. ಆ ಹಕ್ಕು ಹಾಗೆಯೇ ಉಳಿಯಲಿ.

ಅನುಮತಿ ಕೇಳುವ ಕಟ್ಟಳೆ ಹೋಗಲಿ, ದುಡ್ಡು ಕೊಡುವ ಕಟ್ಟಳೆ ಉಳಿಯಲಿ. ತುಣುಕಿನ ಉದ್ದ ಮತ್ತು ಹಾಡಿನ ಗಳಿಕೆಗೆ ತಕ್ಕಂತೆ ದರ ನಿಗದಿಯಾಗಲಿ. ಗಳಿಕೆಯೇ ಇಲ್ಲದಿದ್ದರೆ ಏನನ್ನೂ ಕೇಳದಿರಲಿ. ನುಡಿಸಿದವರಿಗೆ, ಹಾಡಿದವರಿಗೆ ರಾಯಧನದ ಹಕ್ಕನ್ನು 2012ರ ತಿದ್ದುಪಡಿ ಒಪ್ಪಿಕೊಂಡಿದೆ. ಆ ಪಾಲು ಕಂಪನಿಯ ಲೆಕ್ಕಪುಸ್ತಕದಲ್ಲಿ ನಿಲ್ಲದೆ ಅವರ ಖಾತೆಗೇ ನೇರ ಹೋಗಬೇಕು. ಸಂಸತ್ತು 31ಸಿ ಕಲಮನ್ನು ಮತ್ತೆ ಕೈಗೆತ್ತಿಕೊಳ್ಳಲಿ, ನಮ್ಮ ಸಂಸದರು ಅದನ್ನು ಕೇಳಲಿ.