ಮೊಬೈಲಿಗೆ ಬಂದ ಸುದ್ದಿಗೆ ಜವಾಬ್ದಾರರು ಯಾರು?

ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ,
ಬೀದರ್

ವಿಷಯ: ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಡುವ ಗಾಳಿಸುದ್ದಿಗೂ ಅಲ್ಲಿ ಬರುವ ಸಾರ್ವಜನಿಕ ದೂರುಗಳಿಗೂ ಉತ್ತರ ಸಿಗುವ ವ್ಯವಸ್ಥೆ ಕೋರಿ.

ಮಾನ್ಯರೇ,

2018ರ ಜುಲೈ 13, ಶುಕ್ರವಾರ. ಹೈದರಾಬಾದಿನಿಂದ ಬಂದಿದ್ದ ಗೆಳೆಯರ ತಂಡವೊಂದು ಔರಾದ್ ಸೀಮೆಯ ಹಂದಿಕೇರಾದಲ್ಲಿ ಶಾಲೆ ಬಿಟ್ಟು ಮನೆಗೆ ಹೊರಟಿದ್ದ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಮಕ್ಕಳ ಕಳ್ಳರು ಎಂಬ ಅನುಮಾನ ಎದ್ದಿತು, ವಿಡಿಯೊ ಗುಂಪುಗಳಿಗೆ ಹೋಯಿತು. ಅವರು ಹೆದರಿ ಕಾರು ಹತ್ತಿದರು. ಆದರೆ ಕಾರಿಗಿಂತ ಮೊದಲೇ ಸುದ್ದಿ ಮುರ್ಕಿ ಮುಟ್ಟಿತ್ತು. ಅಲ್ಲಿ ರಸ್ತೆಗೆ ಅಡ್ಡ ಕಟ್ಟಿ ಜನ ಕಾದಿದ್ದರು. ಕಾರು ಉರುಳಿತು. ಒಳಗಿದ್ದವರನ್ನು ಎಳೆದು ಬಡಿದರು. 32 ವರ್ಷದ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಪ್ರಾಣ ಬಿಟ್ಟರು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಬಂಧಿತರಲ್ಲಿ ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್ ಕೂಡ ಇದ್ದರು.

ಹೊಡೆದವರೆಲ್ಲ ಹುಟ್ಟಾ ಕ್ರೂರಿಗಳೆಂದು ನಾನು ನಂಬುವುದಿಲ್ಲ. ಒಂದೇ ಸಂದೇಶ ನಾಲ್ಕು ಗುಂಪುಗಳಿಂದ ಬಂದರೆ ನಾಲ್ಕು ಸಾಕ್ಷಿ ಸಿಕ್ಕಂತೆ ಅನಿಸುತ್ತದೆ. ಕಳಿಸಿದವನು ಬೀಗರ ಊರಿನವನಾದರೆ ಮುಗಿಯಿತು, ಅವನಿಗೆ ಯಾರು ಹೇಳಿದರೆಂದು ವಿಚಾರಿಸುವವರೇ ಇಲ್ಲ. ಕಟ್ಟೆಯ ಮೇಲೆ ಕೂತು ಸುಳ್ಳು ಹೇಳಿದವನನ್ನು ಮರುದಿನ ಅದೇ ಕಟ್ಟೆಯಲ್ಲಿ ಹಿಡಿದು ಕೇಳಬಹುದಿತ್ತು. ಫಾರ್ವರ್ಡ್ ಮಾಡಿದವನು ಮಾತ್ರ "ನನಗೂ ಬಂದದ್ದು, ಕಳಿಸಿದೆ" ಎಂದು ಕೈ ತೊಳೆದುಕೊಳ್ಳುತ್ತಾನೆ. ಯೋಚಿಸುವ ಕೆಲಸವನ್ನೂ ಹೀಗೆ ಇನ್ನೊಬ್ಬರಿಗೆ ದಾಟಿಸಿಬಿಟ್ಟಿದ್ದೇವೆ.

ಮುರ್ಕಿಯ ಘಟನೆಯ ವಾರದೊಳಗೆ ವಾಟ್ಸ್‌ಆ್ಯಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗಷ್ಟೇ ಕಳಿಸುವ ಮಿತಿ ಪ್ರಕಟಿಸಿತು. ಅದಕ್ಕೂ ಮೊದಲು, ಜುಲೈ 17ರಂದು, ಗುಂಪುಹತ್ಯೆ ತಡೆಗೆ ಪ್ರತಿ ಜಿಲ್ಲೆಯಲ್ಲೂ ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ನೋಡಲ್ ಅಧಿಕಾರಿ ಇರಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿತ್ತು. ಆ ಅಧಿಕಾರಿ ಯಾರು, ಯಾವ ನಂಬರಿಗೆ ಕರೆ ಮಾಡಬೇಕು ಎಂಬುದು ಗಡಿಯ ಹಳ್ಳಿಯ ಮನುಷ್ಯನಿಗೆ ಗೊತ್ತಿರಬೇಡವೇ?

ಎರಡನೆಯ ಕುಂದುಕೊರತೆ ನಾವು ದೂರು ಹೇಳುವ ರೀತಿಯದ್ದೇ. ನಳದಲ್ಲಿ ಕೆಂಪು ನೀರು ಬಂದರೆ ಬಕೆಟ್ಟಿನ ಫೋಟೊ ಓಣಿಯ ಗುಂಪಿಗೆ ಬೀಳುತ್ತದೆ. ಕೆಳಗೆ ಸಾಲುಸಾಲು ಹೆಬ್ಬೆಟ್ಟು, ಸಿಟ್ಟಿನ ಮುಖ, "ನಾಚಿಕೆಯಾಗಬೇಕು" ಎಂಬ ಬರಹ. ಸಂಜೆಗೆ ಯಾರದೋ ಹುಟ್ಟುಹಬ್ಬದ ಕೇಕು ಬಂದು ಬಕೆಟ್ಟು ಮೇಲೆ ಸರಿದುಹೋಗುತ್ತದೆ. ವಾರ ಬಿಟ್ಟು ಸಂಬಂಧಪಟ್ಟ ಕಚೇರಿಗೆ ಹೋದರೆ "ಅರ್ಜಿ ಬಂದಿಲ್ಲರೀ" ಎಂಬ ಉತ್ತರ. ಮಾತು ಸುಳ್ಳಲ್ಲ, ಯಾರೂ ಅರ್ಜಿ ಕೊಟ್ಟಿರುವುದಿಲ್ಲ. ಆದರೆ ಆ ಕಚೇರಿಯವರೂ ಅದೇ ಗುಂಪಿನಲ್ಲಿದ್ದು ಫೋಟೊ ನೋಡಿರುತ್ತಾರೆ. ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದರೆ 30 ದಿನದಲ್ಲಿ ಉತ್ತರ ಕೊಡಲೇಬೇಕು, ಕೊಡದಿದ್ದರೆ ಮೇಲ್ಮನವಿಗೆ ಹಾದಿಯಿದೆ. ಹೆಬ್ಬೆಟ್ಟಿನ ಚಿತ್ರಕ್ಕೆ ಸ್ವೀಕೃತಿಯೂ ಇಲ್ಲ, ಗಡುವೂ ಇಲ್ಲ.

ಹಾಗೆಂದು ಮೊಬೈಲ್ ವಿಡಿಯೊ ಸರ್ಕಾರದ ಕಣ್ಣಿಗೆ ಬೀಳುವುದೇ ಇಲ್ಲ ಎನ್ನಲಾಗದು. 2020ರ ಜನವರಿಯಲ್ಲಿ ಬೀದರ್‌ನ ಶಾಹೀನ್ ಶಾಲೆಯ ಮಕ್ಕಳು ಪೌರತ್ವ ಕಾಯ್ದೆ ಕುರಿತು ಆಡಿದ ನಾಟಕ ಫೇಸ್‌ಬುಕ್‌ಗೆ ಬಂದದ್ದೇ ತಡ, ದೇಶದ್ರೋಹದ ಪ್ರಕರಣ ದಾಖಲಾಯಿತು. ಮುಖ್ಯ ಶಿಕ್ಷಕಿ ಮತ್ತು ಒಬ್ಬ ತಾಯಿ ಜೈಲಿಗೆ ಹೋದರು, ಮಕ್ಕಳ ವಿಚಾರಣೆಯೂ ನಡೆಯಿತು. 2023ರ ಜೂನ್‌ನಲ್ಲಿ ಹೈಕೋರ್ಟಿನ ಕಲಬುರಗಿ ಪೀಠ ಆ ಪ್ರಕರಣವನ್ನೇ ರದ್ದು ಮಾಡಿತು. ನಾಟಕದ ತುಣುಕಿಗೆ ಅಷ್ಟು ಚುರುಕಾಗಿ ಏಳುವ ವ್ಯವಸ್ಥೆ ಕೆಂಪು ನೀರಿನ ಬಕೆಟ್ಟಿಗೂ ಏಳಬೇಕಲ್ಲವೇ?

ಹೊಣೆ ಹೊತ್ತು ಹೋರಾಡುವುದು ಈ ನೆಲಕ್ಕೆ ಹೊಸದಲ್ಲ. ನಿಜಾಮರ ಕಾಲದಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಸಿಕ್ಕಿಬಿದ್ದರೆ ಉತ್ತರ ಹೇಳಬೇಕಾದವರು ತಾವೇ ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದರು.

ಆದ್ದರಿಂದ ನಮ್ಮ ಕೋರಿಕೆ ಇಷ್ಟು. ನೋಡಲ್ ಅಧಿಕಾರಿಯ ಮತ್ತು ಬೀಟ್ ಪೊಲೀಸರ ಹೆಸರು, ನಂಬರು ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆಸಿ. ಗಾಳಿಸುದ್ದಿ ಎದ್ದ ಗಳಿಗೆಯಲ್ಲೇ ನಿಜವೋ ಸುಳ್ಳೋ ಎಂದು ಕನ್ನಡ, ಉರ್ದು, ಮರಾಠಿ, ತೆಲುಗಿನಲ್ಲಿ ಧ್ವನಿ ಸಂದೇಶ ಹೊರಡಲಿ, ಓದಲು ಬಾರದವರೂ ಕೇಳಲಿ. ಕಚೇರಿಯವರು ಇರುವ ಗುಂಪಿನಲ್ಲಿ ದೂರು ಬಿದ್ದರೆ ಅದನ್ನು ದಾಖಲಿಸಿಕೊಂಡು ಸ್ವೀಕೃತಿ ಸಂಖ್ಯೆ ಕೊಡಿ.

ಓದುಗರಲ್ಲೂ ಒಂದು ವಿನಂತಿ. ಕಣ್ಣಾರೆ ಕಾಣದ್ದನ್ನು ಮುಂದೆ ಕಳಿಸಬೇಡಿ. ಕಂಡದ್ದನ್ನು ಗುಂಪಿಗೆ ಹಾಕಿ ಸುಮ್ಮನಾಗಬೇಡಿ, ಒಂದು ಹಾಳೆಯಲ್ಲಿ ಬರೆದು, ಕೆಳಗೆ ಸಹಿ ಹಾಕಿ, ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ಇಂತಿ ತಮ್ಮ ವಿಶ್ವಾಸಿ,
ಭಾಲ್ಕಿಯ ಒಬ್ಬ ನಾಗರಿಕ