ಬಾಗಿದ ಬೆನ್ನಿಗೆ ಮುಪ್ಪೊಂದೇ ಕಾರಣವೇ?

ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯಲ್ಲಿ ಸಂತೆಯ ದಿನ ಒಂದು ನೋಟ ನಮ್ಮ ಕಣ್ಣಿಗೆ ಬೀಳುವುದುಂಟು. ಎರೆಹೊಲದ ದುಡಿಮೆಯಲ್ಲಿ ಆಯುಷ್ಯ ಕಳೆದ ಹಿರಿಯರೊಬ್ಬರು ನೂರು ಹೆಜ್ಜೆ ನಡೆದು ನಿಲ್ಲುತ್ತಾರೆ. ಕಾಲು ಜೋಮು ಹಿಡಿದು ಭಾರವಾಗಿರುತ್ತದೆ. ಕಟ್ಟೆಯ ಮೇಲೆ ಮುಂದಕ್ಕೆ ಬಾಗಿ ಕೆಲವು ನಿಮಿಷ ಕುಳಿತರೆ ನೋವು ಇಳಿಯುತ್ತದೆ. ಅವರೇ ಸೈಕಲ್ ಏರಿದರೆ ಮುಂದಿನ ಊರಿನವರೆಗೆ ಸಲೀಸಾಗಿ ಹೋಗಬಲ್ಲರು. ಮನೆಯವರು "ವಯಸ್ಸಾತು, ಇನ್ನೇನು?" ಎಂದು ಕೈಚೆಲ್ಲುತ್ತಾರೆ. ಈ ಮಾತನ್ನು ನಾವು ಒಪ್ಪಲಾರೆವು. ಮುಪ್ಪೊಂದೇ ಕಾರಣವಾಗಿದ್ದರೆ ಅದು ಸೈಕಲ್ಲಿನ ಮೇಲೂ ಕಾಡಬೇಕಿತ್ತಲ್ಲವೆ?

ಬೆನ್ನೆಲುಬಿನ ಮಣಿಗಳು ಒಂದರ ಮೇಲೊಂದು ಕೂಡಿದಾಗ ಅವುಗಳೊಳಗೆ ಒಂದು ನಾಳ ಏರ್ಪಡುತ್ತದೆ. ಮಿದುಳಿನಿಂದ ಇಳಿಯುವ ಬೆನ್ನುಹುರಿಯು ಸೊಂಟದ ಮೇಲ್ಭಾಗದಲ್ಲಿ ಮುಗಿಯುತ್ತದೆ. ಅಲ್ಲಿಂದ ಕೆಳಕ್ಕೆ ನರಗಳು ಕುದುರೆಯ ಬಾಲದಂತೆ ಗೊಂಚಲಾಗಿ ಸಾಗುತ್ತವೆ. ವಯಸ್ಸು ಏರಿದಂತೆ ಮಣಿಗಳ ನಡುವಣ ಮೆತ್ತೆಗಳು ಕುಗ್ಗುತ್ತವೆ, ಕೀಲುಗಳು ದಪ್ಪವಾಗುತ್ತವೆ, ಎಲುಬುಗಳನ್ನು ಬಿಗಿದ ತಂತುಪಟ್ಟಿಗಳು ಒಳಕ್ಕೆ ಉಬ್ಬುತ್ತವೆ. ನಾಳ ಇಕ್ಕಟ್ಟಾಗಿ ನರಗಳು ಅದುಮಲ್ಪಡುತ್ತವೆ. ನೆಟ್ಟಗೆ ನಿಂತಾಗ ಈ ನಾಳ ಇನ್ನಷ್ಟು ಕಿರಿದಾಗುತ್ತದೆ. ಮುಂದಕ್ಕೆ ಬಾಗಿದಾಗ ತುಸು ಅಗಲವಾಗುತ್ತದೆ. ಸೈಕಲ್ಲಿನ ಒಗಟಿಗೆ ಇದೇ ಉತ್ತರ. ಡಚ್ ವೈದ್ಯ ಹೆಂಕ್ ವರ್ಬೀಸ್ಟ್ ಈ ರೋಗಲಕ್ಷಣಗಳನ್ನು 1954ರಲ್ಲಿ ವಿವರವಾಗಿ ವರ್ಣಿಸಿದನು. ಕಾಲಿನ ರಕ್ತನಾಳ ಕಟ್ಟಿದವರಿಗೂ ನಡೆದಾಗ ನೋವು ಬರುತ್ತದೆ. ಆದರೆ ಅವರಿಗೆ ಸುಮ್ಮನೆ ನಿಂತರೂ ಸಾಕು, ಬಾಗಬೇಕಾಗಿಲ್ಲ.

ನಮ್ಮ ಸೀಮೆಯಲ್ಲಿ ಇನ್ನೊಂದು ಕಾರಣವನ್ನೂ ಎಣಿಸಬೇಕು, ಅದು ನೀರು. ಗದಗ ಜಿಲ್ಲೆಯ ಹಲವೆಡೆ, ವಿಶೇಷವಾಗಿ ಮುಂಡರಗಿಯ ಕಡೆಗೆ, ಅಂತರ್ಜಲದಲ್ಲಿ ಫ್ಲೋರೈಡ್ ಮಿತಿಮೀರಿರುವುದು ಕಂಡುಬಂದಿದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದೆಡೆ 1.5ರ ವರೆಗೆ ಸಹ್ಯ. ಮಿತಿಮೀರಿದ ನೀರನ್ನು ದಶಕಗಳ ಕಾಲ ಕುಡಿದರೆ ಬೆನ್ನಿನ ತಂತುಪಟ್ಟಿಗಳು ಎಲುಬಿನಂತೆ ಗಟ್ಟಿಯಾಗಿ ನಾಳವನ್ನು ಮುಚ್ಚತೊಡಗುತ್ತವೆ. ನೆಲ್ಲೂರು ಸೀಮೆಯ ಇಂಥ ರೋಗಿಗಳ ವರದಿ 1937ರಲ್ಲಿಯೇ ಪ್ರಕಟವಾಯಿತು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಗಟ್ಟಿಯಾದ ಪಟ್ಟಿಯನ್ನು ಯಾವ ಔಷಧಿಯೂ ಕರಗಿಸಲಾರದು. ಆದಕಾರಣ ಮಳೆನೀರಿನ ಸಂಗ್ರಹ, ಶುದ್ಧೀಕರಣ, ನದಿನೀರಿನ ಪೂರೈಕೆ ಇವನ್ನೂ ಬೆನ್ನಿನ ಚಿಕಿತ್ಸೆಯ ಭಾಗವೆಂದೇ ನಾವು ತಿಳಿಯುತ್ತೇವೆ.

ರೋಗ ಬಂದವರ ಗತಿಯೇನು? ಬಹುಮಂದಿಗೆ ಶಸ್ತ್ರಕ್ರಿಯೆ ಬೇಕಾಗುವುದಿಲ್ಲ. ಹೊಟ್ಟೆ ಮತ್ತು ಸೊಂಟದ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ, ನಡುನಡುವೆ ಕುಳಿತು ನಡೆಯುವ ಅಭ್ಯಾಸ, ಸೈಕಲ್ ತುಳಿತ, ತೂಕದ ಹತೋಟಿ, ವೈದ್ಯರು ಹೇಳಿದಷ್ಟೇ ನೋವಿನ ಮಾತ್ರೆ ಇವು ಮೊದಲ ಉಪಾಯಗಳು. ಬೆನ್ನಿಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದಿನ ಲಾಭ ಅಲ್ಪವೆಂದು 2014ರ ಒಂದು ದೊಡ್ಡ ಪರೀಕ್ಷೆ ತೋರಿಸಿತು. ತಿಂಗಳುಗಟ್ಟಲೆ ಪ್ರಯತ್ನಿಸಿದರೂ ಬಾಳು ದುಸ್ತರವಾದರೆ, ನಾಳದ ಹಿಂಗೋಡೆಯ ಎಲುಬನ್ನು ತೆಗೆದು ನರಗಳಿಗೆ ಎಡೆಮಾಡಿಕೊಡುವ ಶಸ್ತ್ರಕ್ರಿಯೆ ಉಂಟು. ಆದರೆ ಮೂತ್ರ ಮಲಗಳ ಹಿಡಿತ ತಪ್ಪಿದರೆ, ತೊಡೆಸಂದು ಮರಗಟ್ಟಿದರೆ, ಪಾದದ ಬಲ ಕುಂದಿದರೆ ಒಂದು ದಿನವೂ ಕಾಯಬಾರದು. ಕೈಬೆರಳುಗಳು ಗುಂಡಿ ಹಾಕಲಾರದಾದರೆ ಕುತ್ತಿಗೆಯ ನಾಳವನ್ನು ಶಂಕಿಸಿ ಬೇಗನೆ ವೈದ್ಯರಿಗೆ ತೋರಿಸಬೇಕು.

ಇನ್ನೊಂದು ಎಚ್ಚರಿಕೆಯ ಮಾತು. ಕೇವಲ ಎಂ.ಆರ್.ಐ. ಚಿತ್ರವನ್ನು ನೋಡಿ ಹೆದರಬಾರದು. ಯಾವ ನೋವೂ ಇಲ್ಲದವರ ಬೆನ್ನನ್ನು ಪರೀಕ್ಷಿಸಿ 1990ರಲ್ಲಿ ಪ್ರಕಟಿಸಿದ ವರದಿಯಲ್ಲಿ, 60 ದಾಟಿದವರ ಪೈಕಿ ಸುಮಾರು ಐವರಲ್ಲೊಬ್ಬರಿಗೆ ನಾಳ ಇಕ್ಕಟ್ಟಾಗಿತ್ತು. ಚಿತ್ರಕ್ಕಲ್ಲ, ಮನುಷ್ಯನಿಗೆ ಚಿಕಿತ್ಸೆ ಮಾಡಬೇಕು. ಆತನ ನಡಿಗೆಯ ಕಥೆಯನ್ನು ಮೊದಲು ಕೇಳಬೇಕು.

ಆ ಕಥೆಯನ್ನು ಕೇಳಲು ವೈದ್ಯರೇ ಬೇಕೆಂದಿಲ್ಲ. ಮುಂದಿನ ರಜೆಯಲ್ಲಿ ಊರಿಗೆ ಹೋಗುವ ವಿದ್ಯಾರ್ಥಿಗಳು ತಮ್ಮ ಅಜ್ಜ ಅಜ್ಜಿಯರನ್ನು ಕೇಳಲಿ: ಎಷ್ಟು ದೂರ ನಡೆಯಬಲ್ಲಿರಿ? ಕುಳಿತರೆ ಹಗುರವೆನಿಸುವುದೆ? ಇಷ್ಟು ವರ್ಷ ಯಾವ ಬಾವಿಯ ನೀರು ಕುಡಿದಿರಿ? ಉತ್ತರಗಳನ್ನು ಬರೆದುಕೊಂಡು ವೈದ್ಯರ ಬಳಿಗೆ ಅವರ ಜೊತೆಯಲ್ಲಿ ಹೋಗಲಿ. "ವಯಸ್ಸಾತು" ಎಂಬ ಒಂದು ಮಾತಿನಿಂದ ಸಂತೆಗೆ ಹೋಗುವುದನ್ನೇ ಬಿಟ್ಟ ಹಿರಿಯರು ಮತ್ತೆ ಮನೆಯಿಂದ ಹೊರಬರುವಂತಾದರೆ ಓದಿದ ವಿಜ್ಞಾನ ಸಾರ್ಥಕವೆಂದು ನಾವು ಎಣಿಸುತ್ತೇವೆ.